ಹಿತ್ತಲಲ್ಲಿ ಹೂತ ಕುಂಕುಮದ ಭರಣಿ

ಅಮೆರಿಕದ ಷಾರ್ಲೆಟ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್, ಛತ್ರಿ ಕೊಳ್ಳಬೇಕಾದರೂ ಅಂಗಡಿಯೊಳಗೇ ಬಿಚ್ಚಿ ಒಂದು ಸುತ್ತು ಓಡಾಡುತ್ತಿದ್ದರು. “ಟೆಸ್ಟ್ ಮಾಡ್ದೆ ಏನೂ ತಗೋಬಾರ್ದು ಕಣ್ರೀ” ಎನ್ನುತ್ತಿದ್ದರು.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವರಿಗೆ ಮೆಟಲ್ ಡಿಟೆಕ್ಟರ್ ಹಿಡಿದು ಹಳೆಯ ನಾಣ್ಯ ಹುಡುಕುವ ಹುಚ್ಚು ಹತ್ತಿತು. ಕೊಳ್ಳಲಿದ್ದ ಯಂತ್ರವನ್ನು ಪರೀಕ್ಷಿಸಲೆಂದು ಗುರುವಾರವೇ ಆಂಟಿಯ ಬೆಳ್ಳಿಯ ಕುಂಕುಮದ ಭರಣಿಯನ್ನು ಹಿತ್ತಲಲ್ಲಿ ಹೂತಿಟ್ಟರು.

ಕಸ ಸಿಕ್ಕರೆ ಕೂಗುವುದಿಲ್ಲ ಎಂದು ಅಂಗಡಿಯವನು ಹೊಗಳಿದ್ದ ಯಂತ್ರವನ್ನು ಶನಿವಾರ ತಂದರು. ಆ ಜಾಗದ ಮೇಲೆ ಎಷ್ಟು ಆಡಿಸಿದರೂ ಅದು ತುಟಿ ಬಿಚ್ಚಲಿಲ್ಲ. “ವೇಸ್ಟ್ ಪೀಸ್ ಕಣ್ರೀ!” ಎಂದು ಅವತ್ತೇ ಅದನ್ನು ರಿಟರ್ನ್ ಮಾಡಿ ಇನ್ನೊಂದನ್ನು ತಂದರು. ಅದು ಅಲ್ಲೇ ಕಿರುಚಿಕೊಂಡಿತು. ಅಂಕಲ್ ನನ್ನನ್ನು ಬೇಲಿಯಾಚೆಯಿಂದ ಕರೆದು, ಮಂಡಿಯೂರಿ ಅಗೆದರು. ಸಿಕ್ಕಿದ್ದು ಬಿಯರ್ ಬಾಟಲಿಯ ತುಕ್ಕು ಹಿಡಿದ ಮುಚ್ಚಳ.

“ಭರಣಿ ಎಲ್ಲೇ?” ಎಂದು ಅಡುಗೆಮನೆಯ ಕಿಟಕಿಯತ್ತ ಕೂಗಿದರು.

“ದೇವರ ಮುಂದಿದೆ!” ಎಂದು ಆಂಟಿ ಒಳಗಿನಿಂದಲೇ ಹೇಳಿದರು. “ನಿನ್ನೆ ಶುಕ್ರವಾರದ ಪೂಜೆಗೆ ನಾನೇ ಅಗೆದು ತೆಗ್ದೆ. ಕುಂಕುಮದ ಭರಣಿನ ಯಾರಾದ್ರೂ ಮಣ್ಣಲ್ಲಿ ಹೂಳ್ತಾರಾ?”

ಅಂಕಲ್ ಮುಚ್ಚಳವನ್ನು ಅಂಗಿಗೆ ಒರೆಸಿ, ಮತ್ತೆ ಗುಂಡಿಯೊಳಗಿಟ್ಟು, ಮಣ್ಣು ಎಳೆದು ತಟ್ಟಿದರು.

“ಇನ್ಮೇಲೆ ಟೆಸ್ಟಿಂಗಿಗೆ ಇದೇ ಇರ್ಲಿ,” ಎಂದರು. “ಇದನ್ನ ಅವಳು ಪೂಜೆಗೆ ತೆಗ್ಯಲ್ಲ.”