ಅಣ್ಣ ಆಡಿದ ನಿಜ

“ನಿಮ್ಮ ಮನೆತನದಲ್ಲಿ ಇನ್ಯಾರಿಗಾದರೂ ಹೀಗಾಗಿತ್ತೆ?” ಅಣ್ಣನನ್ನು ಪರೀಕ್ಷಿಸಿ ದಾವಣಗೆರೆಯ ಡಾಕ್ಟರು ಕೇಳಿದರು. “ಯಾರಿಗೂ ಇಲ್ರೀ. ಬಿದ್ದು ತಲೆಗೆ ಪೆಟ್ಟಾಗೈತೆ” ಎಂದಳು ಅವ್ವ. ನಾನೂ ತಲೆಯಾಡಿಸಿದೆ. ಅಣ್ಣನ ಮಗಳಿಗೆ ಜಗಳೂರಿನ ಸಂಬಂಧ ಕೂಡಿಬಂದಿತ್ತು. ಬೀಗರಿಗೂ ಹಾಗೆಯೇ ಹೇಳಿದ್ದೆವು.

ನಲವತ್ತೈದಕ್ಕೇ ಮರೆವು ಹತ್ತಿ, ಆ ಬೆಳಿಗ್ಗೆ ನನ್ನ ಗುರುತೂ ಸಿಗದಿದ್ದ ಅಣ್ಣ ನಕ್ಕುಬಿಟ್ಟ. “ಸುಳ್ಳು ಹೇಳ್ತಾಳ್ರೀ ನಮ್ಮವ್ವ. ನಮ್ಮಪ್ಪಗೂ ಅಜ್ಜಗೂ ಹಿಂಗೇ ಆಗಿತ್ತು. ಅಪ್ಪ ಕಂಡೋರ ಮನೆಗೆ ಹೋಗಿ ಊಟಕ್ಕೆ ಕೂತುಬಿಡ್ತಿದ್ದ!”

ಮಿದುಳಿನ ರಕ್ತನಾಳ ಕೆಡುವ ಅಪರೂಪದ ಕಾಯಿಲೆ ಇರಬಹುದು, ತಂದೆಯಿಂದಾಗಲಿ ತಾಯಿಯಿಂದಾಗಲಿ ಮಕ್ಕಳಿಗೆ ಇಳಿದು ಬರಬಹುದು ಎಂದರು ಡಾಕ್ಟರು. ಚನ್ನಗಿರಿ ಬಸ್ಸು ಹತ್ತುವಷ್ಟರಲ್ಲಿ ಅಣ್ಣ ತಾನು ಹೇಳಿದ್ದನ್ನೆಲ್ಲ ಮರೆತಿದ್ದ. ನಾವು ಯಾರಿಗೂ ಹೇಳಲಿಲ್ಲ. ಲಗ್ನ ಸುಸೂತ್ರವಾಗಿ ನಡೆಯಿತು.

ಮೊನ್ನೆ ಅಣ್ಣ ತೀರಿಕೊಂಡ. ಕೂಸನ್ನೆತ್ತಿಕೊಂಡು ಮಣ್ಣಿಗೆ ಬಂದ ಅವನ ಮಗಳು ಅಳುತ್ತಲೇ, “ಕೂಸು ಥೇಟ್ ನಮ್ಮಪ್ಪನಂಗೇ ಐತೆ ನೋಡು, ಚಿಗಪ್ಪ” ಎಂದಳು. “ಇಲ್ಲವ್ವ, ಥೇಟ್ ನಿನ್ನ ಗಂಡನಂಗೇ ಐತೆ” ಎಂದೆ ನಾನು.