ಗಂಡನ ನಡಿಗೆಗೆ ಹೊಂದಿದ ಕೋಲು

ರೈಲು ನಿಲ್ದಾಣದ ಮಹಿಳೆಯರ ವೇಟಿಂಗ್ ರೂಮಿನ ಬಾಗಿಲಲ್ಲಿ ಆಕೆ ಏದುಸಿರು ಬಿಡುತ್ತ ನಿಂತಿದ್ದರು. ಒಳಗೆ ಫ್ಯಾನಿನ ಕೆಳಗೆ ಅವರ ಗಂಡ, ಬಿಳಿ ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ನೆಮ್ಮದಿಯಾಗಿ ಕೂತಿದ್ದರು. ಪಕ್ಕದ ಅಜ್ಜಿಯೊಬ್ಬರು ಅವರಿಗೆ ಕಿತ್ತಳೆ ಸುಲಿದುಕೊಡುತ್ತಿದ್ದರು.

“ರೀ, ಪ್ಲಾಟ್‌ಫಾರ್ಮಿಗೆ ಹೋಗಿ ಅಂದ್ರೆ ಇಲ್ಲಿ ಬಂದು ಕೂತಿದ್ದೀರಲ್ಲ?”

“ನಿನ್ನ ಕೋಲೇ ಕಳಿಸ್ತು. ನಾನೇನು ಮಾಡ್ಲಿ?”

“ಬಿಡಮ್ಮ, ಪಾಪ,” ಎಂದರು ಅಜ್ಜಿ. “ಬಂದಾಗಿನಿಂದ ನಗಿಸ್ತಾನೇ ಇದ್ದಾರೆ.”

ಆಕೆ ಓಣಿಯೊಂದರ ಸಣ್ಣ ಅಂಗಡಿಯಲ್ಲಿ ಕಿವಿಯ ಯಂತ್ರಗಳನ್ನು ರಿಪೇರಿ ಮಾಡುತ್ತಾರೆ. ಬಿಡುವಿನಲ್ಲಿ ಈ ಕೋಲನ್ನು ರೂಪಿಸಿದ್ದಾರೆ. ನಿಲ್ದಾಣದ ಅನುಮತಿ ಪಡೆದು, ತಿರುವುಗಳ ಪಕ್ಕದ ಕಂಬಗಳಿಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಅಂಟಿಸಿದ್ದಾರೆ. ಕೋಲು ಅವುಗಳ ಹತ್ತಿರ ಬಂದಾಗ ಹಿಡಿ ನಡುಗುತ್ತದೆ: ಎಡಕ್ಕೆ ತಿರುಗಬೇಕಾದರೆ ಎಡಬದಿ, ಬಲಕ್ಕಾದರೆ ಬಲಬದಿ.

ಗಂಡ ಆಸ್ಪತ್ರೆಯ ಟೆಲಿಫೋನ್ ಆಪರೇಟರ್, ಹುಟ್ಟು ಕುರುಡರು. ಗೊತ್ತಿರುವ ಬೀದಿಗಳಲ್ಲಿ ಅವರ ಜೊತೆ ಹೆಜ್ಜೆ ಹಾಕಲು ಕಣ್ಣಿದ್ದವರೇ ಓಡಬೇಕು. ಆದರೆ ರೈಲನ್ನು ಮಾತ್ರ ಒಬ್ಬರೇ ಹತ್ತಿದ್ದಿಲ್ಲ. ಬೇರೆ ಊರಿನಲ್ಲಿರುವ ಮಗಳು ಹೆತ್ತ ಮೇಲೆ ಅವರದು ಒಂದೇ ಹಟ. “ಮೊಮ್ಮಗಳನ್ನ ನೋಡೋಕೆ ನನ್ನನ್ನ ಪಾರ್ಸೆಲ್ ಥರ ಯಾರೂ ಹೊತ್ಕೊಂಡು ಹೋಗೋದು ಬೇಡ. ನಾನೇ ಬರ್ತೀನಿ.” ಮಗಳೂ ಅಪ್ಪನ ಮಗಳೇ. ನಿಲ್ದಾಣದಲ್ಲಿ ಒಂದು ಸಲ ತಪ್ಪದೆ ನಡೆದು ತೋರಿಸಿದರೆ ಸರಿ, ಇಲ್ಲದಿದ್ದರೆ ಅಳಿಯನೇ ಬಂದು ಕರೆದೊಯ್ಯುತ್ತಾನೆ ಎಂದು ಶರತ್ತು ಹಾಕಿದ್ದಳು.

ಆ ಪರೀಕ್ಷೆಗೆ ಮುಂಚಿನ ಅಭ್ಯಾಸದಲ್ಲೇ ಅವರು ವೇಟಿಂಗ್ ರೂಮು ಸೇರಿದ್ದು.

ತಪ್ಪು ಎಲ್ಲಿದೆ ಎಂದು ಹುಡುಕಲು ಆಕೆ ಕಂಬಗಳ ಪೆಟ್ಟಿಗೆಗಳನ್ನೆಲ್ಲ ಕಿತ್ತು ಅಂಗಡಿಗೆ ತಂದು ಬಿಚ್ಚಿ ನೋಡಿದರು. ಎಲ್ಲವೂ ಸರಿಯಾಗಿದ್ದವು. ಕೊನೆಗೆ, ಅಲ್ಲಿಯವರೆಗೆ ಮಾಡುತ್ತಿದ್ದಂತೆ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಂಗಡಿಯ ಮುಂದಿನ ಓಣಿಯಲ್ಲಿ ಕೋಲು ಹಿಡಿದು ನಡೆದರು. ಸ್ಟೂಲಿನ ಮೇಲೆ ಕೂತಿದ್ದ ಗಂಡ ಆ ಹೆಜ್ಜೆಯ ಸದ್ದನ್ನು ಕೇಳಿಸಿಕೊಂಡರು.

“ಏನೇ, ಒದ್ದೆ ನೆಲದ ಮೇಲೆ ಬೆಕ್ಕು ಹೋಗ್ತಿದೆಯಾ?”

“ನಾನು ಕಣ್ರೀ. ಪರೀಕ್ಷೆ ಮಾಡ್ತಿದ್ದೀನಿ.”

“ಹೀಗೆ ನಡೆದು ನಂಗೆ ಕೋಲು ಮಾಡಿದ್ಯಾ? ಇಷ್ಟೊತ್ತಿಗೆ ನಾನು ಆಸ್ಪತ್ರೆ ಸೇರಿ ನಾಲ್ಕು ಫೋನ್ ಎತ್ತಿರ್ತಿದ್ದೆ.”

ಆಕೆ ಕಣ್ಣಿನ ಪಟ್ಟಿ ಬಿಚ್ಚಿ ನಕ್ಕರು. ತಾವು ಹೆದರಿ ಹೆದರಿ ಇಟ್ಟ ಹೆಜ್ಜೆಗೆ ಹಿಡಿ ನಡುಗುವ ಹೊತ್ತನ್ನು ಹೊಂದಿಸಿದ್ದರು. ಗಂಡನ ಕೈಯಲ್ಲಿ ಹಿಡಿ ನಡುಗುವಷ್ಟರಲ್ಲಿ ಪ್ಲಾಟ್‌ಫಾರ್ಮಿನ ಗೇಟು ಹಿಂದೆ ಬಿದ್ದಿರುತ್ತಿತ್ತು. ಮುಂದಿನ ಬಾಗಿಲೇ ಮಹಿಳೆಯರ ವೇಟಿಂಗ್ ರೂಮಿನದು.

ಮತ್ತೆ ಕಣ್ಣು ಕಟ್ಟಿಕೊಂಡ ಅವರನ್ನು ಈ ಸಲ ಗಂಡ ಕೈ ಹಿಡಿದು ತಮ್ಮ ವೇಗದಲ್ಲೇ ಓಣಿಯ ಉದ್ದಕ್ಕೂ ಕರೆದೊಯ್ದರು. ಆಕೆ ಕಿರುಚಿದರು, ಬೈದರು, ಆಮೇಲೆ ರೂಢಿಯಾಗಿ ನಗತೊಡಗಿದರು. ಆ ವೇಗದಲ್ಲಿ ಸೂಚನೆ ಎಷ್ಟು ಮೊದಲೇ ಬೇಕೆಂಬುದು ಮೈಗೆ ತಿಳಿಯಿತು.

ಎದುರಿನ ದರ್ಜಿ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದರು. “ಏನಕ್ಕ, ಹೊಸದಾಗಿ ಮದುವೆಯಾದವರ ಥರ ಓಡಾಡ್ತಿದ್ದೀರಿ?”

“ಆಗ್ಲೂ ಇವರು ಇಷ್ಟು ಕೈ ಹಿಡಿದಿರ್ಲಿಲ್ಲಪ್ಪ,” ಎಂದರು ಆಕೆ.

ಈಗ ಕೋಲು ನೆಲ ತಟ್ಟುವ ಲಯದಿಂದ ನಡಿಗೆಯ ವೇಗವನ್ನು ಅಳೆಯುತ್ತದೆ. ಜೋರಾಗಿ ನಡೆದರೆ ಹಿಡಿ ಬೇಗನೆ ನಡುಗುತ್ತದೆ. ಮಗಳು ಹೇಳಿದ್ದ ಪರೀಕ್ಷೆಯ ದಿನ ಹೆಂಡತಿ ಫೋನಿನಲ್ಲಿ ಮಗಳಿಗೆ ವೀಡಿಯೊ ತೋರಿಸುತ್ತ ದೂರದಿಂದ ಹಿಂಬಾಲಿಸಿದರು. ಗಂಡ ಗೇಟಿನಲ್ಲಿ ಬಲಕ್ಕೆ ತಿರುಗಿ, ಪ್ಲಾಟ್‌ಫಾರ್ಮಿನ ನಡುವೆ ನಿಂತು, “ನಿಮ್ಮಮ್ಮ ಬಂದ್ಲಾ, ಇನ್ನೂ ಹಿಂದೇನಾ?” ಎಂದು ಕೂಗಿ ಕೇಳಿದರು. ಫೋನಿನೊಳಗೆ ಮಗಳು ನಗುತ್ತಿದ್ದಳು.

ಮೊಮ್ಮಗಳನ್ನು ನೋಡಲು ಭಾನುವಾರದ ರೈಲಿಗೆ ಗಂಡ ಒಬ್ಬರೇ ಹೊರಡುತ್ತಾರೆ. ಹೆಂಡತಿ ಒಂದು ದಿನ ಹಿಂದೆ, ಸೋಮವಾರದ ರೈಲಿಗೆ.