ಬೇವಿನ ಮರಕ್ಕೆ ಬೈದು ಹಗ್ಗ ಹಿಡಿಯುವ ಮುನಾಫಸಾಬರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸವಣೂರಿನ ಹೊರಗೆ ಕುದುರೆ ಕಟ್ಟುವ ಒಂದು ಹಳೆಯ ತಬೇಲಿ. ಅದರ ಹಿಂದಿನ ಬೇವಿನ ಮರದ ಎದುರು ಮುನಾಫಸಾಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ನಿಂತು ಮರವನ್ನು ಬೈಯುತ್ತಿದ್ದಾರೆ.

"ಏ ಸಾವುಕಾರಾ, ನಿನ್ನ ಕುದರಿ ಬೆಲ್ಲಾ ತಿಂತದ, ಹುರಳಿ ತಿಂತದ. ಅದನ್ನ ತಿದ್ದಾಂವ ನಿನ್ನ ಕಟ್ಟಿ ಕೆಳಗ ಕುಂತು ನಿನ್ನಿ ರೊಟ್ಟಿ ತಿಂತಾನ. ನಿನ್ನ ಕಣ್ಣಾಗ ಕಲ್ಲ ಬಿದ್ದಾವೇನು? ರುಮಾಲು ಸುತಗೊಳ್ಳಾಕ ನಿನ್ನ ತಲಿ ಮುಂದ ಬರ್ತದ. ಲದ್ದಿ ಹೊರಾಕ ಯಾರ ತಲಿ?"

ಮುಂದಿನ ಮಾತುಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ. ಮರವೇನೋ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಬೈಗುಳ ಮುಗಿದ ಮೇಲೆ ಮುನಾಫಸಾಬರು ಬಕೆಟ್ಟಿನ ನೀರಲ್ಲಿ ಮುಖ ತೊಳೆಯುತ್ತಾರೆ, ಮೊಣಕೈವರೆಗೆ ಕೈ ತೊಳೆಯುತ್ತಾರೆ, ಹೆಗಲ ವಸ್ತ್ರದಿಂದ ಒರೆಸಿಕೊಳ್ಳುತ್ತಾರೆ. ತಬೇಲಿಯ ಬಾಗಿಲು ತೆಗೆಯುವಾಗ ಅವರ ದನಿಯೇ ಬೇರೆ. "ಬಾ ಬೇಟಾ, ಬಾ," ಅನ್ನುತ್ತಾರೆ. ಒಳಗಿನ ಎಳೆಯ ಕುದುರೆ ಕಿವಿ ಮುಂದೆ ಮಾಡಿ ಬರುತ್ತದೆ.

ಇವರ ಕಸುಬು ಏನೆಂದು ಕೇಳಿದರೆ ಸವಣೂರಿನವರೇ ತಡವರಿಸುತ್ತಾರೆ. ಜಾನುವಾರು ಪ್ರದರ್ಶನಗಳಲ್ಲಿ ಎತ್ತು, ಆಕಳು, ಹೋರಿಗಳ ಜೊತೆ ಕುದುರೆಗಳನ್ನೂ ತೋರಿಸುವುದುಂಟು. ಇನ್ನೂ ಬೆನ್ನಿಗೆ ಜೀನು ಹಾಕದ ಎಳೆಯ ಕುದುರೆಯನ್ನು ಹತ್ತಿ ತೋರಿಸುವಂತಿಲ್ಲ. ಬರೀ ಹಗ್ಗ ಹಿಡಿದು ಕಣದೊಳಗೆ ನಡೆಸಬೇಕು, ಜೊತೆಗೆ ಓಡಿಸಬೇಕು, ಆಮೇಲೆ ನಾಲ್ಕೂ ಕಾಲು ಸಮವಾಗಿ ಊರಿ ನಿಲ್ಲಿಸಬೇಕು. ದನದ ಡಾಕ್ಟರು ಸುತ್ತು ಹಾಕಿ ಹಲ್ಲು, ಗೊರಸು, ಎದೆ ನೋಡಿ ಮುಗಿಸುವ ತನಕ ಅದು ಅಲುಗಬಾರದು. ಮೈತುಂಬ ಭಯವಿರುವ ಎಳೆಯ ಪ್ರಾಣಿಯನ್ನು ಸಾವಿರ ಜನರ ನಡುವೆ ಹಾಗೆ ನಿಲ್ಲಿಸುವ ಕೈಗಳು ಈ ನಾಲ್ಕು ತಾಲೂಕುಗಳಲ್ಲಿ ಬಹಳ ಇಲ್ಲ. ಇರುವವರ ಪೈಕಿ ಹಗ್ಗ ಹಿಡಿಯಲು ಮುನಾಫಸಾಬರೇ ಸೈ.

ಮರಕ್ಕೆ ಬೈಯುವುದು ಹುಚ್ಚಲ್ಲ. ಅದೂ ಕೆಲಸದ ಒಂದು ಭಾಗ. "ಸಿಟ್ಟು ಹಗ್ಗದಾಗ ಇಳೀತದ್ರಿ," ಅನ್ನುತ್ತಾರೆ ಅವರು. "ನಾವು ಬಾಯಿ ಮುಚಗೊಂಡ್ರೂ ಕೈ ಮುಚಗೊಳ್ಳಂಗಿಲ್ಲ. ಮರಿ ಕುದರಿಗೆ ಅದು ಗೊತ್ತಾಗ್ತದ." ಹರೆಯದಲ್ಲಿ ಒಮ್ಮೆ ಅಣ್ಣನೊಡನೆ ಮನೆಯ ಪಾಲಿಗಾಗಿ ಜಗಳವಾಡಿ, ಅದೇ ಬಿಸಿಯಲ್ಲಿ ಒಂದು ಮರಿಯ ಹಗ್ಗ ಹಿಡಿದು ಕೆರೆಗೆ ಹೊರಟಿದ್ದರು. ದಾರಿಯಲ್ಲಿ ಅದು ಸುಮ್ಮಸುಮ್ಮನೆ ಬೆದರಿ ಕಾಲುವೆಗೆ ಹಾರಿತು. ಕಾಲು ಮುರಿದ ಕುದುರೆಯ ಗತಿ ಏನೆಂದು ಹೇಳಬೇಕಿಲ್ಲ. ಒಬ್ಬ ಜಾಗೀರದಾರನ ಲಾಯದಲ್ಲಿ ಜೀವ ಸವೆಸಿದ್ದ ತಂದೆ ಮಗನಿಗೆ ಹೊಡೆಯಲಿಲ್ಲ. ತಬೇಲಿಯ ಹಿಂದೆ ಕರೆತಂದು ಈ ಮರ ತೋರಿಸಿದರು. "ಬೈಯೂದಿದ್ರ ಇದಕ್ಕ ಬೈ. ಆಮ್ಯಾಗ ಹಗ್ಗ ಮುಟ್ಟು," ಅಂದರಂತೆ.

"ಮನ್ಯಾಗ ಬೈಯೂದ ಗೊತ್ತಿಲ್ರಿ ಅವರಿಗೆ," ಅನ್ನುತ್ತಾರೆ ಹೆಂಡತಿ ಗೌಹರ, ಹುರುಳಿ ಬೇಯಿಸುವ ಒಲೆಯ ಮುಂದೆ ಕುಳಿತು. "ನನಗ ಬರೂ ಪಾಲೆಲ್ಲಾ ಆ ಗಿಡಕ್ಕ ಹೋಗ್ತದ. ಮೊದಲ ಬೇವು, ಇನ್ನ ಎಷ್ಟ ಕಹಿ ಆಗೈತೋ ಏನೋ."

ಇಷ್ಟೊಂದು ಸಿಟ್ಟು ದಿನಾ ಎಲ್ಲಿಂದ ಬರುತ್ತದೆ ಎಂದು ಕೇಳಬಾರದು, ಪ್ರದರ್ಶನಕ್ಕೆ ಹೋಗಿ ನೋಡಬೇಕು. ಅಲ್ಲೊಂದು ಪದ್ಧತಿ ಇದೆ. ತೀರ್ಪು ಹೇಳುವ ತನಕ ಹಗ್ಗ ಆಳಿನ ಕೈಯಲ್ಲಿ. ತೀರ್ಪು ಬಂತೋ, ಮಾಲೀಕ ಬಂದು ಹಗ್ಗ ತೆಗೆದುಕೊಳ್ಳುತ್ತಾನೆ. ಅವನ ತಲೆಗೆ ರುಮಾಲು ಸುತ್ತುತ್ತಾರೆ, ಬಾಜಾ ಊದುತ್ತಾರೆ, ಫೋಟೋ ಹಿಡಿಯುತ್ತಾರೆ. ಆಳು ಹಿಂದಿನ ಸಂದಿಯಿಂದ, ಎತ್ತುಗಳ ಬಾಲದ ನಡುವೆ ನುಸುಳಿ ಹೊರಗೆ ಹೋಗಬೇಕು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಮುನಾಫಸಾಬರು ಗೆಲ್ಲಿಸಿದ ಕುದುರೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಒಂದರ ಜೊತೆಗೂ ಅವರು ಕಣದ ಮುಂಬಾಗಿಲಿನಿಂದ ಹೊರಗೆ ಬಂದದ್ದಿಲ್ಲ. ಇದನ್ನು ಪದ್ಧತಿ ಅನ್ನುವವರಿಗೆ ನಾಚಿಕೆಯಾಗಬೇಕು.

ಹೋದ ವರ್ಷ ಅಕ್ಕಿಆಲೂರಿನ ಶಿದ್ಲಿಂಗಪ್ಪ ಒಂದು ಹೆಣ್ಣು ಮರಿ ಕೊಂಡ. ಅಕ್ಕಿ ಗಿರಣಿ ಇದೆ, ಗದ್ದೆ ಇದೆ, ಜೀಪು ಕೂಡ ಇದೆ. ಕುದುರೆ ಬೇಕಾದದ್ದು ಹತ್ತಲಿಕ್ಕಲ್ಲ, ಹಿರೇಕೆರೂರಿನ ಪ್ರದರ್ಶನದಲ್ಲಿ ರುಮಾಲು ಸುತ್ತಿಸಿಕೊಳ್ಳಲಿಕ್ಕೆ. ಈ ಬರಹದಲ್ಲಿ ಮುನಾಫಸಾಬರಿಗೆ ಬಹುವಚನ, ಸಾವುಕಾರನಿಗೆ ಏಕವಚನ ಬಿದ್ದಿದೆ. ಓದುವವರು ಕೈತಪ್ಪು ಅಂದುಕೊಳ್ಳಬಾರದು. ಊರು ಇಷ್ಟು ವರ್ಷ ತಿರುವುಮುರುವಾಗಿ ಕರೆದದ್ದನ್ನು ಇಲ್ಲಿ ಸರಿಮಾಡಿದೆ.

ಮರಿಗೆ ಗಂಗಿ ಅಂತ ಹೆಸರಿಟ್ಟ ಶಿದ್ಲಿಂಗಪ್ಪ ಹಗ್ಗ ಹಿಡಿಯುವವರನ್ನು ಹುಡುಕಲು ಹೊರಟ. ಹಾನಗಲ್ಲಿನಲ್ಲಿ ಮದುವೆ ಮೆರವಣಿಗೆಯ ಕುದುರೆ ಕುಣಿಸುವ ಒಬ್ಬನಿದ್ದ, ದೊಡ್ಡ ಹೆಸರು. ಅವನ ಕೈಗೆ ಕೊಟ್ಟ. ಅವನಿಗೆ ಬರುವುದು ಒಂದೇ ವಿದ್ಯೆ, ಕಲಿಸಿದ್ದೂ ಅದನ್ನೇ. ಮೆರವಣಿಗೆಯಲ್ಲಿ ಬಾರಿಸುವ ಹಲಗೆಯ ದನಿ ಕೇಳಿದರೆ ಸಾಕು, ಗಂಗಿ ಮುಂಗಾಲೆತ್ತಿ ಕುಣಿಯತೊಡಗಿತು. ನಿಲ್ಲಬೇಕಾದ ಕುದುರೆಗೆ ಕುಣಿತ ಕಲಿಸಿದರೆ ಏನು ಬಂತು? ಶಿಗ್ಗಾವಿಯ ಟಾಂಗಾದವನೊಬ್ಬ ಕುಣಿತ ಬಿಡಿಸುತ್ತೇನೆಂದು ಬಾರುಕೋಲು ಬೀಸಿದ. ಗಂಗಿ ಬಾಗಿಲು ಒದ್ದು ಮುರಿಯಿತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಕೊನೆಗೆ ಜೀಪು ಸವಣೂರಿಗೇ ಬಂತು.

"ನನ್ನವು ಎರಡ ಮಾತು," ಅಂದರು ಮುನಾಫಸಾಬರು. "ಮರಿ ಒಂದ ತಿಂಗಳ ನನ್ನ ತಬೇಲ್ಯಾಗ ಇರಬೇಕು. ಕಣದಾಗ ಹಗ್ಗಾ ಬ್ಯಾರೇದವರು ಮುಟ್ಟಬಾರದು. ಮುಟ್ಟಿದ್ರ ಅದು ಬೆದರತದ."

"ಆತು ಬಿಡೋ ಮುನಾಫ್ಯಾ," ಅಂದ ಶಿದ್ಲಿಂಗಪ್ಪ. ಜೀಪಿನಿಂದ ಕೆಳಗೆ ಇಳಿಯಲೂ ಇಲ್ಲ.

ಆ ತಿಂಗಳಿನ ದುಡಿಮೆ ಗೌಹರ ನೋಡಿದ್ದಾರೆ. ದೂರದಲ್ಲಿ ಒಬ್ಬ ಹಲಗೆ ಬಾರಿಸಬೇಕು, ಇಲ್ಲಿ ಮುನಾಫಸಾಬರು ಗಂಗಿಯ ಕುತ್ತಿಗೆ ನೀವುತ್ತ ಹುರುಳಿ ತಿನ್ನಿಸುತ್ತ ನಿಲ್ಲಬೇಕು. ದಿನದಿನಕ್ಕೆ ಹಲಗೆ ಹತ್ತಿರ ಬಂತು. ಮೊದಮೊದಲು ಒದೆಯೂ ಬಿತ್ತು, ಇವತ್ತಿಗೂ ಮುನಾಫಸಾಬರ ಎಡ ಮೊಣಕಾಲು ಮಡಚುವುದಿಲ್ಲ. ತಿಂಗಳು ತುಂಬುವ ಹೊತ್ತಿಗೆ ಹಲಗೆ ಪಕ್ಕದಲ್ಲೇ ಬಡಿದರೂ ಗಂಗಿ ಅವರ ಹೆಗಲಿಗೆ ಮೂತಿ ಒರಗಿಸಿ ನಿಲ್ಲುತ್ತಿತ್ತು. ಹೆತ್ತ ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅವರು ಅಷ್ಟು ಚಿಂತೆ ಮಾಡಲಿಲ್ಲ ಎಂದು ಗೌಹರ ಹಂಗಿಸುತ್ತಾರೆ.

ಹಿರೇಕೆರೂರಿನ ಕಣದ ಬಾಗಿಲಲ್ಲಿ ಶಿದ್ಲಿಂಗಪ್ಪ ಅಡ್ಡ ಬಂದ. ಜೊತೆಗೆ ಅವನ ಸೋದರಳಿಯ, ಧಾರವಾಡದಲ್ಲಿ ಕಾಲೇಜು ಮುಗಿಸಿದವನು, ಟೆರಿಲಿನ್ ಅಂಗಿ, ಕಪ್ಪು ಕನ್ನಡಕ. ಅಂದು ದೊಡ್ಡ ಅಧಿಕಾರಿಗಳು ಬಂದಿದ್ದರು. "ಹಗ್ಗ ಇವನ ಕೈಯಾಗ ಕೊಡು," ಅಂದ ಸಾವುಕಾರ. "ನಮ್ಮ ಮನೀ ಕುದರಿ, ನಮ್ಮ ಮನೀ ಹುಡುಗ ಹಿಡದ್ರ ಚಂದ ಕಾಣ್ತದ. ನಿಂದೇನು ಇನ್ನ?"

"ಮಾತು ಕೊಟ್ಟಿದ್ರಿ," ಅಂದರು ಮುನಾಫಸಾಬರು.

"ಕೊಟ್ಟಿದ್ದೆ, ತಗೊಂಡೆ. ಕೂಲಿ ಮುಟ್ಟತದ, ನಡಿ."

ಕೂಲಿಯ ಮಾತು ಯಾರೆತ್ತಿದ್ದರು? ಆದರೆ ಕುದುರೆ ಅವನದು. ಮುನಾಫಸಾಬರು ಹಗ್ಗ ಬಿಟ್ಟರು. ಬಿಡುವ ಮುಂಚೆ ಅಳಿಯನಿಗೆ ಒಂದೇ ಮಾತು ಹೇಳಿದರು, "ಹಗ್ಗಾ ಕೈಗೆ ಸುತ್ತಬ್ಯಾಡ್ರಿ, ತಮ್ಮಾ."

ಅವನು ಸುತ್ತಿದ. ಒಂದಲ್ಲ, ಎರಡು ಸುತ್ತು. ಕಣದ ನಡುವೆ ಹೋಗುವಷ್ಟರಲ್ಲಿ ಬಾಜಾದವರು ಹಲಗೆಗೆ ಕೈ ಹಾಕಿದರು. ಗಂಗಿ ಪರಿಚಯದ ಹೆಗಲಿಗಾಗಿ ಅತ್ತಿತ್ತ ನೋಡಿತು. ಕಾಣಲಿಲ್ಲ. ಮೂತಿಯ ಹಗ್ಗ ಬಿಗಿಯಿತು. ಹಾನಗಲ್ಲಿನಲ್ಲಿ ಕಲಿತದ್ದೆಲ್ಲ ಆ ಗಳಿಗೆಗೆ ನೆನಪಾಗಿ ಅದು ಕುಣಿಯತೊಡಗಿತು. ಜನ ಸಿಳ್ಳೆ ಹಾಕಿ ನಕ್ಕರು. ನಗೆಗೆ ಬೆದರಿ ಹಿಂಗಾಲಿನ ಮೇಲೆ ಎದ್ದು ನಿಂತಿತು. ಅಳಿಯನ ಕೈ ಹಗ್ಗದಲ್ಲಿ ಸಿಕ್ಕಿ, ಗಂಗಿ ಅವನನ್ನು ಮಣ್ಣಿನಲ್ಲಿ ಎಳೆದಾಡತೊಡಗಿದಾಗ ನಗೆ ನಿಂತಿತು.

"ಏ ಮುನಾಫ್ಯಾ, ಹಿಡಿಯೋ, ಓಡೋ," ಎಂದು ಶಿದ್ಲಿಂಗಪ್ಪ ಕೂಗಿದ.

ಮುನಾಫಸಾಬರು ಕುಂಟುತ್ತ ಓಡಿದರು. ಹತ್ತಿರ ಹೋಗಿ ನಿಂತುಬಿಟ್ಟರು. ಸಿಟ್ಟು ಕೈತನಕ ಇಳಿದಿತ್ತು. ಆ ಕೈಯಿಂದ ಹಗ್ಗ ಮುಟ್ಟಿದರೆ ಗಂಗಿಗೂ ಅಂದು ಕಾಲುವೆಗೆ ಹಾರಿದ ಮರಿಯ ಗತಿಯೇ. ಕಣದಲ್ಲಿ ಬೇವಿನ ಮರವಿರಲಿಲ್ಲ. ಎದುರಿಗಿದ್ದದ್ದು ಶಿದ್ಲಿಂಗಪ್ಪ. ಅವನ ಕಡೆ ತಿರುಗಿದರು.

"ಸುಳ್ಳ ಸಾವುಕಾರಾ. ತಿಂಗಳಗಟ್ಲೆ ಒದಿ ತಿಂದಾಂವ ನಾನು, ಹಗ್ಗ ಹಿಡಿಯಾಕ ನಿನ್ನ ಅಳಿಯ. ಮಾತು ಅಂದ್ರ ನಿನ್ನ ಗಿರಣ್ಯಾಗಿನ ತೌಡೇನು, ತೂರಿ ಒಗಿಯಾಕ? ಕುದರಿ ಬಾಯಿಲ್ಲದ್ದು, ಅದರ ಪಾಪ ನಿನ್ನ ಮನೀ ಬಾಗಿಲಾಗ ಬಿದ್ದಿರತದ."

ಅಧಿಕಾರಿಗಳ ಮುಂದೆ, ನಾಲ್ಕು ತಾಲೂಕಿನ ಜನರ ಮುಂದೆ ಅವರು ಹೇಳಿದ್ದು ಇಷ್ಟೇ. ಹೇಳಿ ಮುಗಿಸಿದಾಗ ಕೈಯಲ್ಲಿ ಸಿಟ್ಟು ಉಳಿದಿರಲಿಲ್ಲ. ಆ ಕೈಯನ್ನು ಅಂಗಿಗೆ ಒರೆಸಿಕೊಂಡು, "ಬಾ ಬೇಟಾ," ಎಂದು ಹಗ್ಗ ಹಿಡಿದರು. ಗಂಗಿ ನಾಲ್ಕೂ ಕಾಲು ಊರಿತು, ಹೆಗಲಿಗೆ ಮೂತಿ ತಂದಿತು. ಅಳಿಯನ ಕೈ ಬಿಡಿಸಿದರು. ಮೂಳೆ ಉಳಿದಿತ್ತು, ಚರ್ಮ ಹೋಗಿತ್ತು. ಡಾಕ್ಟರು ಸುತ್ತ ನಡೆದು ನೋಡುವ ತನಕ ಗಂಗಿ ಬಾಲ ಕೂಡ ಅಲುಗಿಸಲಿಲ್ಲ.

ಎರಡನೆಯ ಬಹುಮಾನ ಬಂತು. ಕೂಗಿ ಕರೆದದ್ದು ಶಿದ್ಲಿಂಗಪ್ಪನ ಹೆಸರನ್ನು. ರುಮಾಲು ಅವನ ತಲೆಗೇ. ಈ ಸಲ ಮಾತ್ರ ಮುನಾಫಸಾಬರು ಹಗ್ಗ ಬಿಡಲಿಲ್ಲ. ಫೋಟೋದವನು ಪಕ್ಕಕ್ಕೆ ಸರಿ ಸರಿ ಅಂದಷ್ಟೂ ನಿಂತಲ್ಲೇ ನಿಂತರು. ಅಕ್ಕಿಆಲೂರಿನ ಗಿರಣಿಯಲ್ಲಿ ಆ ಫೋಟೋ ತೂಗುತ್ತಿದೆ. ನಡುವೆ ರುಮಾಲು, ಪಕ್ಕದಲ್ಲಿ ಗಂಗಿ, ಅಂಚಿನಲ್ಲಿ ಹಗ್ಗ ಹಿಡಿದ ಒಂದು ಕೈ. ಮುನಾಫಸಾಬರ ಮುಖವನ್ನು ಕತ್ತರಿಸಿ ಕಟ್ಟು ಹಾಕಿಸಿದ್ದಾನೆ. ಕೈ ಕತ್ತರಿಸಿದ್ದರೆ ಕುದುರೆಯ ಮೂತಿಯೂ ಹೋಗುತ್ತಿತ್ತು, ಅದಕ್ಕೆ ಉಳಿದಿದೆ.

ಅಂದಿನಿಂದ ಸಾವುಕಾರರು ಯಾರೂ ಮುನಾಫಸಾಬರನ್ನು ಕರೆದಿಲ್ಲ. ಬಾಯಿಬಡುಕ ಅನ್ನುವ ಹೆಸರು ಬಂದಿದೆ. ಈಗ ಟಾಂಗಾದವರ ಕುದುರೆಗಳನ್ನು ಪಳಗಿಸಿ ದಿನ ದೂಡುತ್ತಾರೆ. "ಪಶ್ಚಾತ್ತಾಪ ಏನಿಲ್ರಿ," ಅನ್ನುತ್ತಾರೆ. "ಆದ್ರ ಪ್ರದರ್ಶನದ ದಿನಾ ಬಂತಂದ್ರ ಕೈ ತುರಸತದ." ಅವರ ಆಸೆ ದೊಡ್ಡದೇನೂ ಅಲ್ಲ. ಒಂದು ಮರಿಯನ್ನು ಕಣದ ಒಳಗೆ ಕರೆದೊಯ್ದ ಕೈಯೇ ಅದನ್ನು ಮುಂಬಾಗಿಲಿನಿಂದ ಹೊರಗೆ ಕರೆತರಬೇಕು. "ರುಮಾಲು ಅವರ ಸುತಗೊಳ್ಳಲಿ. ನನ್ನ ತಲಿಗೆ ಟೊಪಿಗಿ ಅದ."

ಮಾತು ಇಲ್ಲಿಗೆ ಬಂದಾಗ ಬಿಸಿಲು ಏರಿದೆ. ಹೊರಗೆ ಒಂದು ಲಾರಿ ನಿಲ್ಲುತ್ತದೆ. ಹಿಂದೆ ಹುಲ್ಲು ಹಾಸಿ ಒಂದು ಗಂಡು ಮರಿಯನ್ನು ಕಟ್ಟಿದ್ದಾರೆ. ಮುಂದಿನಿಂದ ಶಿದ್ಲಿಂಗಪ್ಪ ಇಳಿಯುತ್ತಾನೆ. ಇಳಿಯುತ್ತಾನೆ ಎಂಬುದನ್ನು ಗೌಹರ ಒಲೆ ಬಿಟ್ಟು ಬಂದು ನೋಡುತ್ತಾರೆ. ಹಾನಗಲ್ಲು, ಶಿಗ್ಗಾವಿ, ಬಂಕಾಪುರ ಎಲ್ಲ ಸುತ್ತಿ ಬಂದಿದ್ದಾನೆ. ಯಾರ ಕೈಗೂ ಮರಿ ನಿಲ್ಲುತ್ತಿಲ್ಲ.

"ಮುನಾಫಸಾಬ್ರ," ಅನ್ನುತ್ತಾನೆ, ಮಣ್ಣು ನೋಡುತ್ತ. "ಈ ಸಲ ಹಗ್ಗ ನಿಮ್ಮ ಕೈಯಾಗ. ಒಳಗೂ ನೀವ, ಹೊರಗೂ ನೀವ. ಇಳಸಗೊಳ್ರಿ."

ಮುನಾಫಸಾಬರು ಲಾರಿಯ ಬಳಿ ಹೋಗಿ ಮರಿಯ ಕಿವಿ ನೋಡುತ್ತಾರೆ, ಕಾಲು ನೋಡುತ್ತಾರೆ. ಕೈ ಚಾಚಿ ಹಿಂದೆ ತೆಗೆಯುತ್ತಾರೆ.

"ಇವತ್ತ ಮುಟ್ಟಂಗಿಲ್ರಿ. ಮುಂಜಾನೆ ಎಲ್ಲಾ ಬೈದು ಖಾಲಿ ಆಗಿದ್ದೆ. ನಿಮ್ಮನ್ನ ನೋಡಿ ಮತ್ತ ತುಂಬಿ ಬಂತು. ಲಾರಿಯವ ಇಳಿಸಿ ಕಟ್ಟಿ ಹೋಗಲಿ."

"ಮತ್ತ ಯಾವಾಗ ಮುಟ್ತೀರಿ?"

"ನಾಳೆ ಹೊತ್ತ ಹುಟ್ಟೂದ್ರಾಗ ಬರ್ರಿ. ಮರಿ ಇರೂ ತನಕಾ ದಿನಾ ಬರ್ರಿ." ಮುನಾಫಸಾಬರು ತಬೇಲಿಯ ಹಿಂದೆ, ಬೇವಿನ ಮರದ ಕಡೆ ಕೈ ತೋರಿಸುತ್ತಾರೆ. "ಆ ಗಿಡಕ್ಕ ಬೆನ್ನ ಹಚ್ಚಿ ನಿಂದರ್ರಿ. ಪಾಪ, ಇಷ್ಟ ವರ್ಷ ನಿಮ್ಮಂಥವರ ಪಾಲಿನ ಬೈಗಳ ಅದು ಕೇಳೇದ."

ಶಿದ್ಲಿಂಗಪ್ಪ ಮರ ನೋಡುತ್ತಾನೆ, ಮರಿ ನೋಡುತ್ತಾನೆ. "ಬರ್ತೇನಿ," ಅನ್ನುತ್ತಾನೆ.

"ಬರ್ರಿ," ಅನ್ನುತ್ತಾರೆ ಮುನಾಫಸಾಬರು. "ಕಿವ್ಯಾಗ ಹತ್ತಿ ಅರಳಿ ಇಟಗೊಂಡ ಮಾತ್ರ ಬರಬ್ಯಾಡ್ರಿ."